ಗೋಡೆಗೆ ಐದು ಲಕ್ಷ, ಒಳಗಿನ ಸಂಸಾರಕ್ಕೆ ಹತ್ತು ಸಾವಿರ

ಮಹಾಪೂರ ಇಳಿದ ಮೇಲೆ ಮನೆಹಾನಿಯ ಸಮೀಕ್ಷೆ ನಡೆಯುತ್ತದೆ. ತಲಾಠಿ ಬರುತ್ತಾರೆ, ಜೊತೆಗೆ ಎಂಜಿನಿಯರು ಬರುತ್ತಾರೆ. ಗೋಡೆ ಎಷ್ಟು ಕುಸಿದಿದೆ, ಮಾಳಿಗೆ ನಿಂತಿದೆಯೇ, ಮತ್ತೆ ವಾಸಕ್ಕೆ ಯೋಗ್ಯವೇ ಎಂದು ನೋಡಿ ಎ, ಬಿ, ಸಿ ಎಂಬ ವರ್ಗಗಳಲ್ಲಿ ಒಂದನ್ನು ಬರೆದುಕೊಳ್ಳುತ್ತಾರೆ. ಅಂಗಳದಲ್ಲಿ ರಾಶಿ ಬಿದ್ದ ಕೆಸರುಗಟ್ಟಿದ ಗಾದಿ, ಕೌದಿ, ಮೊಳಕೆಯೊಡೆದ ಜೋಳದ ಚೀಲ, ಉಬ್ಬಿಹೋದ ಕಪಾಟು, ಮಕ್ಕಳ ಪುಸ್ತಕ ಇವೆಲ್ಲವನ್ನೂ ದಾಟಿಕೊಂಡೇ ಅವರು ಒಳಗೆ ಹೋಗಬೇಕು. ಆದರೆ ಅವುಗಳ ಬೆಲೆ ಬರೆಯಲು ಅವರ ಕೈಯಲ್ಲಿರುವ ಕಾಗದದಲ್ಲಿ ಜಾಗವಿಲ್ಲ. ನಮ್ಮ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

2019ರ ಆಗಸ್ಟ್ ತಿಂಗಳನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜನ ಮರೆತಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಅದು ತುಂಬಿ ಗೇಟು ತೆರೆದರೆ ಘಟಪ್ರಭೆ ಉಕ್ಕುತ್ತದೆ. ಮಹಾರಾಷ್ಟ್ರದ ಅಂಬೋಲಿ ಘಟ್ಟದಿಂದ ಇಳಿದು ಸಂಕೇಶ್ವರದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿ ಹಿಡಕಲ್ ಆಣೆಕಟ್ಟಿನ ಹಿಡಿತಕ್ಕೆ ಸಿಗದೆ ಕೆಳಗೆ ಬಂದು ಘಟಪ್ರಭೆಯನ್ನು ಕೂಡುತ್ತದೆ. ಗೋಕಾಕಿನ ಹತ್ತಿರ ಮಾರ್ಕಂಡೇಯವೂ ಸೇರಿಕೊಳ್ಳುತ್ತದೆ. ಮೂರೂ ಒಟ್ಟಿಗೆ ತುಂಬಿ ಬಂದ ಆ ವರ್ಷ ಲೋಳಸೂರ ಸೇತುವೆ ಮುಳುಗಿತು, ಗೋಕಾಕಿನ ಹಳೆ ದನದ ಪೇಟೆ, ಕುಂಬಾರ ಗಲ್ಲಿಗಳಲ್ಲಿ ಮನೆಗಳೊಳಗೆ ಹೊಳೆ ಹರಿಯಿತು, ಅದರ ಕೆಳಗಿನ ಮೂಡಲಗಿ ತಾಲೂಕಿನ ದಂಡೆಯ ಊರುಗಳು ಖಾಲಿಯಾದವು. 2021ರ ಜುಲೈಯಲ್ಲಿ ಮತ್ತೆ ನೀರು ಬಂತು. 2024ರ ಜುಲೈಯಲ್ಲಿ ಮತ್ತೊಮ್ಮೆ. ಐದು ವರ್ಷದೊಳಗೆ ಮೂರು ಸಲ.

2019ರಲ್ಲಿ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅದು ಸಣ್ಣ ಮೊತ್ತವಲ್ಲ, ಹಿಂದಿನ ನೆರೆಗಳಿಗೆ ಹೋಲಿಸಿದರೆ ಉದಾರವೇ. ಮನೆಯೊಳಗಿನ ಬಟ್ಟೆಬರೆ, ಪಾತ್ರೆಪಗಡೆಗೆ ಎಂದು ಕೊಟ್ಟದ್ದು ಕುಟುಂಬಕ್ಕೆ 10 ಸಾವಿರ. ಆ ಹತ್ತು ಸಾವಿರದ ಒಳಗನ್ನು ಓದುಗರು ಬಿಡಿಸಿ ನೋಡಬೇಕು. ವಿಪತ್ತು ಪರಿಹಾರ ನಿಧಿಯ ಆಗಿನ ನಿಯಮದ ಪ್ರಕಾರ ಬಟ್ಟೆಗೆ 1,800 ರೂಪಾಯಿ, ಪಾತ್ರೆ ಹಾಗೂ ಗೃಹಬಳಕೆಯ ಸಾಮಾನಿಗೆ 2,000 ರೂಪಾಯಿ, ಒಟ್ಟು 3,800. ಅದು ತೀರಾ ನಾಚಿಕೆಗೇಡು ಎಂದು ರಾಜ್ಯ ಸರಕಾರ ತನ್ನ ಕಡೆಯಿಂದ 6,200 ಸೇರಿಸಿ ಹತ್ತು ಸಾವಿರ ಮಾಡಿತು. 2022ರಲ್ಲಿ ಕೇಂದ್ರದ ನಿಯಮ ಪರಿಷ್ಕರಣೆಯಾಗಿ ಎರಡಕ್ಕೂ ತಲಾ 2,500 ರೂಪಾಯಿ ಎಂದಾಯಿತು. ಒಂದು ಇಡೀ ಕುಟುಂಬದ ಬಟ್ಟೆಗೆ ಎರಡೂವರೆ ಸಾವಿರ! ಈ ಅಂಕಿಯನ್ನು ಬರೆದವರ ಮನೆಯಲ್ಲಿ ಒಂದು ಕೋಣೆಯ ಪರದೆಗೆ ಎಷ್ಟು ಖರ್ಚಾಗಿದೆಯೋ ನಾವು ಕೇಳುವುದಿಲ್ಲ.

ಹೊಳೆದಂಡೆಯ ಗಲ್ಲಿಯ ಒಂದು ಸಾಧಾರಣ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಶ್ರೀಮಂತರದ್ದು ಬೇಡ. ಗಂಡ ಹಮಾಲಿಯೋ ಗೌಂಡಿಯೋ, ಹೆಂಡತಿ ಹೊಲಿಗೆ ಮಾಡುವವಳು. ಒಂದು ಕಬ್ಬಿಣದ ಕಪಾಟು, ಒಂದು ಹೊಲಿಗೆ ಯಂತ್ರ, ಟಿವಿ, ಸಣ್ಣ ಫ್ರಿಜ್, ಮಿಕ್ಸರ್, ಒಂದು ಮಂಚ, ನಾಲ್ಕು ಗಾದಿ, ಎರಡು ಚೀಲ ಜೋಳ, ಅರ್ಧ ಚೀಲ ಗೋಧಿ, ವರ್ಷಕ್ಕಾಗುವಷ್ಟು ಖಾರಪುಡಿ, ಬಾಂಡೆ ಸಾಮಾನು, ಮಗಳ ಮದುವೆಗೆಂದು ಒಂದೊಂದಾಗಿ ಕೊಂಡಿಟ್ಟ ಸ್ಟೀಲಿನ ಕೊಡಗಳು, ಟ್ರಂಕಿನಲ್ಲಿ ಎತ್ತಿಟ್ಟ ಸೀರೆಗಳು. ಇಂದಿನ ಪೇಟೆಯಲ್ಲಿ ಇವನ್ನು ಹೊಸದಾಗಿ ಕೊಳ್ಳಹೊರಟರೆ ಒಂದು ಲಕ್ಷಕ್ಕೆ ಮುಗಿಯುವುದಿಲ್ಲ. ಹಳೆಯ ಸಾಮಾನು ಎಂದು ಅರ್ಧ ಕಳೆದರೂ ಐವತ್ತು ಸಾವಿರ. ಹೊಲಿಗೆ ಯಂತ್ರ ಕೆಟ್ಟರೆ ಮಾರನೆಯ ದಿನದ ಗಳಿಕೆಯೇ ನಿಂತಿತು ಎಂಬುದನ್ನು ನಾವು ಇನ್ನೂ ಕೂಡಿಸಿಲ್ಲ. ಒಂದೇ ರೇಷನ್ ಕಾರ್ಡಿನಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರವಿದ್ದರೆ ಆ ಹತ್ತು ಸಾವಿರ ಎಷ್ಟು ಪಾಲಾಗುತ್ತದೆ ಎಂಬುದನ್ನೂ ಕೂಡಿಸಿಲ್ಲ.

ಇನ್ನೊಂದು ಮಾತು. ಗೋಡೆ ಯಾರ ಹೆಸರಿನಲ್ಲಿರುತ್ತದೆ? ಬಹುಪಾಲು ಗಂಡಸಿನ ಹೆಸರಿನಲ್ಲಿ, ಎಷ್ಟೋ ಕಡೆ ತೀರಿಹೋದ ಅಜ್ಜನ ಹೆಸರಿನಲ್ಲಿ, ಬಾಡಿಗೆ ಮನೆಯಾದರೆ ಮಾಲೀಕನ ಹೆಸರಿನಲ್ಲಿ. ಗೋಡೆಯೊಳಗಿನ ಸಾಮಾನು ಯಾರದ್ದು? ತವರಿನಿಂದ ಬಂದದ್ದು, ಭಿಶಿ ಎತ್ತಿ ಕೊಂಡದ್ದು, ಪಿಗ್ಮಿ ಕಟ್ಟಿ ಕೊಂಡದ್ದು, ರೊಟ್ಟಿ ಮಾರಿ, ಬೀಡಿ ಕಟ್ಟಿ ಕೊಂಡದ್ದು. ಹೆಣ್ಣುಮಕ್ಕಳ ಆಸ್ತಿ ಎಂದರೆ ನಮ್ಮ ಕಡೆ ಬಹಳಷ್ಟು ಇದೇ. ಹೊಲದ ಉತಾರೆಯಲ್ಲಿ ಅವರ ಹೆಸರಿಲ್ಲ, ಮನೆಯ ಉತಾರೆಯಲ್ಲೂ ಇಲ್ಲ. ಗೋಡೆಗೆ ಲಕ್ಷ ಕೊಟ್ಟು ಟ್ರಂಕಿಗೆ ಸಾವಿರ ಕೊಡುವ ಸರಕಾರ ಯಾರ ನಷ್ಟವನ್ನು ನಷ್ಟವೆಂದು ಎಣಿಸುತ್ತಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಬಾಡಿಗೆದಾರರಿಗಂತೂ ಗೋಡೆಯ ಹಣವೂ ಇಲ್ಲ. ಅವರು ಕಳೆದುಕೊಂಡದ್ದೆಲ್ಲ ಸಾಮಾನೇ.

ಹಾಗಾದರೆ ವಿಮೆ ಇಲ್ಲವೇ ಎಂದು ಕೇಳಬಹುದು. ಇದೆ. ನಮ್ಮ ಸಿಟ್ಟು ಇರುವುದೂ ಅದಕ್ಕೇ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಮನೆಗಳಿಗೆ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಬೇಕಾಗಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಎಲ್ಲ ಅದರಲ್ಲಿ ಬರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿದರೆ ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಒಳಗಿನ ಸಾಮಾನಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಮನೆ ಸ್ವಂತದ್ದಲ್ಲದವರು ಸಾಮಾನಿಗೆ ಮಾತ್ರ ಪಾಲಿಸಿ ಮಾಡಿಸಬಹುದು. ನೆರೆಗೆ ಹೆದರಿ ಮನೆ ಬಿಟ್ಟು ಹೋದಾಗ ಕಳ್ಳತನವಾದರೆ, ಅದು ಆ ಘಟನೆಯಿಂದಲೇ ಆದದ್ದಾಗಿ ಏಳು ದಿನದೊಳಗೆ ನಡೆದಿದ್ದರೆ, ಅದಕ್ಕೂ ಪರಿಹಾರವಿದೆ. ನಗದು ನೋಟು, ಕಾಗದಪತ್ರಗಳಿಗೆ ಇಲ್ಲ. ಜೋಳದ ಡಬ್ಬಿಯಲ್ಲಿ ನೋಟು ಹುಗಿದಿಡುವ ನಮ್ಮ ತಾಯಂದಿರು ಇದನ್ನು ತಿಳಿದಿರಬೇಕು. ಬಂಗಾರ, ಬೆಳ್ಳಿಗೆ ಬೇರೆಯಾಗಿ ಬರೆಸಬೇಕು.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ಗೋಕಾಕಿನ ಕುಂಬಾರ ಗಲ್ಲಿಯಲ್ಲಿ, ಸಂಕೇಶ್ವರದ ಹೊಳೆಬದಿಯಲ್ಲಿ ಯಾರಿಗಾದರೂ ಈ ಪಾಲಿಸಿಯ ಹೆಸರು ಗೊತ್ತಿದೆಯೇ? ಜೀವವಿಮೆಯ ಏಜೆಂಟರು ಪ್ರತಿ ಗಲ್ಲಿಯಲ್ಲಿ ಇದ್ದಾರೆ. ಬೈಕಿನ ವಿಮೆ ಆರ್‌ಟಿಒ ಕಚೇರಿಯ ಎದುರಿನ ಮರದ ಕೆಳಗೂ ಸಿಗುತ್ತದೆ. ಮನೆಸಾಮಾನಿನ ವಿಮೆಯನ್ನು ಮಾರಲು ಮಾತ್ರ ಯಾರೂ ಬರುವುದಿಲ್ಲ. ಪ್ರೀಮಿಯಂ ಸಣ್ಣದು, ಏಜೆಂಟನ ಕಮಿಷನ್ ಅದಕ್ಕಿಂತ ಸಣ್ಣದು, ನೆರೆ ಬಂದರೆ ಕ್ಲೇಮು ಮಾತ್ರ ದೊಡ್ಡದು. ಲಾಭವಿಲ್ಲದ ಅಂಗಡಿಯನ್ನು ಯಾರು ತೆರೆಯುತ್ತಾರೆ? ಬ್ಯಾಂಕಿನವರು ಗೃಹಸಾಲ ಕೊಡುವಾಗ ವಿಮೆಗೆ ಒತ್ತಾಯ ಮಾಡುತ್ತಾರೆ ನಿಜ. ಅದು ಬ್ಯಾಂಕಿನ ಸಾಲಕ್ಕೆ ಕಾವಲು, ಮನೆಯವರ ಕೌದಿಗಲ್ಲ. ಸರಕಾರವೂ ಈ ವಿಷಯದಲ್ಲಿ ಕೈ ಬಿಗಿ ಹಿಡಿದಿದೆ. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಗಳ ಮೇಲಿನ ಜಿಎಸ್‌ಟಿ ತೆಗೆದರು, ಅದು ಒಳ್ಳೆಯದೇ ಆಯಿತು. ಆ ವಿನಾಯಿತಿಯ ಪಟ್ಟಿಯಲ್ಲಿ ಮನೆಯ ವಿಮೆ ಸೇರಲಿಲ್ಲ.

ಬಡವನ ಸಾಮಾನಿಗೆ ವಿಮೆಯೆಂಬುದು ಹೊಸ ಕಲ್ಪನೆಯೂ ಅಲ್ಲ. 1988ರಲ್ಲಿ ಕೇಂದ್ರ ಸರಕಾರ ಹಳ್ಳಿಯ ಬಡವರಿಗಾಗಿ ಗುಡಿಸಲು ವಿಮೆ ಯೋಜನೆ ತಂದಿತ್ತು. ಗುಡಿಸಲು ಬೆಂಕಿಗೆ ಸುಟ್ಟರೆ ಒಂದು ಸಾವಿರ, ಒಳಗಿನ ಸಾಮಾನಿಗೆ ಐದುನೂರು. ಮೊತ್ತವನ್ನು ನೋಡಿ ನಗಬೇಡಿ, ಅನುಪಾತವನ್ನು ನೋಡಿ. ಗುಡಿಸಲಿನ ಅರ್ಧದಷ್ಟು ಬೆಲೆ ಒಳಗಿನ ಸಾಮಾನಿಗಿತ್ತು. ಐದು ಲಕ್ಷದ ಎದುರು ಹತ್ತು ಸಾವಿರವೆಂದರೆ ಐವತ್ತರಲ್ಲಿ ಒಂದು ಪಾಲು. ಮೂವತ್ತು ವರ್ಷದಲ್ಲಿ ಮನೆಗಳೊಳಗೆ ಸಾಮಾನು ಹೆಚ್ಚಾಯಿತು, ಸರಕಾರದ ಲೆಕ್ಕದಲ್ಲಿ ಅದರ ಬೆಲೆ ಕುಸಿಯಿತು.

ಇನ್ನೂ ಒಂದು ಸಂಗತಿ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಮನೆಯಲ್ಲಿ ಸರಕಾರಿ ತೈಲ ಕಂಪನಿಗಳ ಅಡುಗೆ ಅನಿಲದ ಸಿಲಿಂಡರು ಇದ್ದವರಿಗೆಲ್ಲ ಈಗಾಗಲೇ ಒಂದು ವಿಮೆಯ ನೆರಳಿದೆ. ನೋಂದಾಯಿತ ವಿಳಾಸದಲ್ಲಿ ಅನಿಲ ಅಪಘಾತವಾದರೆ ಆಸ್ತಿಹಾನಿಗೆ ಒಂದು ಘಟನೆಗೆ 2 ಲಕ್ಷದವರೆಗೆ ಪರಿಹಾರ ಕೊಡುವ ಪಾಲಿಸಿಯನ್ನು ಕಂಪನಿಗಳೇ ತೆಗೆದಿಟ್ಟಿವೆ. ಗಿರಾಕಿ ಅರ್ಜಿ ಹಾಕಿಲ್ಲ, ಬೇರೆ ಪ್ರೀಮಿಯಂ ಕಟ್ಟಿಲ್ಲ, ಏಜೆಂಟನ ಮುಖ ನೋಡಿಲ್ಲ. ಅಂದರೆ ಕೋಟಿಗಟ್ಟಲೆ ಮನೆಗಳನ್ನು ಒಂದೇ ಪಾಲಿಸಿಯಲ್ಲಿ ಸೇರಿಸುವುದು ಆಗದ ಮಾತಲ್ಲ. ಗ್ಯಾಸಿಗೆ ಆದದ್ದು ಘಟಪ್ರಭೆಗೆ ಏಕೆ ಆಗಬಾರದು? ಹೊಲದಲ್ಲಿ ನಿಂತ ಬೆಳೆಗೆ 2016ರಿಂದ ಫಸಲ್ ಬಿಮಾ ಇದೆ. ಮುಂಗಾರು ಆಹಾರ ಬೆಳೆಗೆ ರೈತ ವಿಮಾ ಮೊತ್ತದ ಶೇಕಡಾ ಎರಡಕ್ಕಿಂತ ಹೆಚ್ಚು ಕಟ್ಟಬೇಕಿಲ್ಲ, ಉಳಿದ ಪ್ರೀಮಿಯಂ ಕೇಂದ್ರ ಮತ್ತು ರಾಜ್ಯದ್ದು. ಆ ಜೋಳ ರಾಶಿಯಾಗಿ ಚೀಲ ಸೇರಿ ಮನೆಯ ಮೂಲೆಗೆ ಬಂದರೆ ವಿಮೆ ಮುಗಿಯಿತು. ಹೊಲದಲ್ಲಿದ್ದಾಗ ಅದು ದೇಶದ ಸಂಪತ್ತು, ಅಡುಗೆಮನೆಗೆ ಬಂದಾಗ ಯಾರದ್ದೂ ಅಲ್ಲ.

ಈಗ ನಮ್ಮವರೇ ಎತ್ತುವ ಆಕ್ಷೇಪಕ್ಕೆ ಬರೋಣ. ವಿಮೆಯೆಂದ ಕೂಡಲೇ ಮುಸ್ಲಿಮ್ ಮೊಹಲ್ಲಾಗಳಲ್ಲಿ ಏಳುವ ಪ್ರಶ್ನೆ ಅದು ಜಾಯಿಝೋ ಅಲ್ಲವೋ ಎಂಬುದು. ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ನಿಗದಿತ ಪ್ರೀಮಿಯಮಿನ ವ್ಯಾಪಾರಿ ವಿಮೆಯಲ್ಲಿ ದೊಡ್ಡ ಪ್ರಮಾಣದ ಅನಿಶ್ಚಿತತೆ, ಎಂದರೆ ಗರರ್ ಇದೆಯೆಂದು ಅದನ್ನು ನಿಷಿದ್ಧವೆಂದಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ, ಪರಸ್ಪರ ಸಹಕಾರದ ವಿಮೆಯನ್ನು ಪರ್ಯಾಯವಾಗಿ ಎತ್ತಿಹಿಡಿಯಿತು. ಸುಡಾನ್ 1979ರಲ್ಲೇ ಇಂಥ ಕಂಪನಿ ತೆರೆದಿತ್ತು, ಮಲೇಶ್ಯಾ 1984ರಲ್ಲಿ ತಕಾಫುಲ್ ಕಾನೂನು ಮಾಡಿತ್ತು. ಭಾರತದ ಉಲಮಾಗಳಲ್ಲೂ ಗಲಭೆಗಳಲ್ಲಿ ಮನೆ, ಅಂಗಡಿ ಸುಟ್ಟುಹೋಗುವ ಇಲ್ಲಿನ ಪರಿಸ್ಥಿತಿಯನ್ನು ನೋಡಿ ಷರತ್ತಿನೊಂದಿಗೆ ಅನುಮತಿ ಕೊಟ್ಟವರಿದ್ದಾರೆ. ಅಂದರೆ ‘ಬೇಡ’ ಎಂದು ಹೇಳಿದ ವಿದ್ವಾಂಸರು ಅದರ ಜಾಗದಲ್ಲಿ ಏನಿರಬೇಕು ಎಂಬುದನ್ನೂ ಹೇಳಿದ್ದಾರೆ. ನಮ್ಮ ಊರಿನ ಮುಖಂಡರು ಮೊದಲ ಅರ್ಧವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದಾರೆ. ತಮ್ಮ ಟೆಂಪೋಗೆ, ಕಾರಿಗೆ ಪೂರ್ಣ ವಿಮೆ ಮಾಡಿಸಿ, ‘ಕಾನೂನು ಕಡ್ಡಾಯ ಮಾಡಿದೆ, ಏನು ಮಾಡೋಣ’ ಎನ್ನುತ್ತಾರೆ. ಕಾನೂನು ಕಡ್ಡಾಯ ಮಾಡಿದ್ದು ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆಯನ್ನು ಮಾತ್ರ. ಸ್ವಂತ ಗಾಡಿಯ ಗಾಜಿಗೆ, ಬಂಪರಿಗೆ ಮಾಡಿಸಿದ್ದು ಅವರ ಇಷ್ಟದಿಂದ. ಆಮೇಲೆ ವಿಧವೆಯೊಬ್ಬಳು ತನ್ನ ಹೊಲಿಗೆ ಯಂತ್ರದ ಬಗ್ಗೆ ಕೇಳಿದರೆ ತವಕ್ಕುಲ್‌ನ ಉಪದೇಶ!

ಪಾಲು ಸೇರಿಸಿ ಕಷ್ಟ ಹಂಚಿಕೊಳ್ಳುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಪ್ರಯಾಣದಲ್ಲಿ ಆಹಾರ ಕಡಿಮೆಯಾದಾಗ ಇದ್ದುದನ್ನೆಲ್ಲ ಒಂದು ಬಟ್ಟೆಯಲ್ಲಿ ಕೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದ ಅಶ್‌ಅರಿ ಗೋತ್ರದವರನ್ನು ಪ್ರವಾದಿವರ್ಯರು(ಸ) ಮೆಚ್ಚಿದ್ದರು ಎಂಬುದನ್ನು ನಮ್ಮ ಮದ್ರಸಾದ ಮಕ್ಕಳೂ ಕೇಳಿರುತ್ತಾರೆ. ಲಗ್ನದಲ್ಲಿ ಮುಯ್ಯಿ ಮಾಡುವ, ಗಲ್ಲಿಯ ಹೆಂಗಸರೆಲ್ಲ ಸೇರಿ ಭಿಶಿ ನಡೆಸುವ ಈ ಸೀಮೆಯಲ್ಲಿ ಹಿಂದೂ ಮುಸ್ಲಿಮ್ ಎನ್ನದೆ ಎಲ್ಲರಿಗೂ ಅದರ ಲೆಕ್ಕ ಗೊತ್ತು. 2019ರಲ್ಲಿ ಮಸೀದಿ, ಮಠ, ಶಾಲೆಗಳು ಬಾಗಿಲು ತೆರೆದವು, ಊರೂರುಗಳಿಂದ ಚಾದರ, ಅಕ್ಕಿ, ರೊಟ್ಟಿ ಬಂದವು. ಅದರ ಬಗ್ಗೆ ನಮಗೆ ಅಭಿಮಾನವಿದೆ. ಆದರೆ ದಾನವಾಗಿ ಬಂದ ಹಳೆ ಸೀರೆಯ ಗಂಟಿನ ಮುಂದೆ ಸರತಿಯಲ್ಲಿ ನಿಲ್ಲುವುದಕ್ಕೂ, ತಾನು ಕಟ್ಟಿದ ಪಾಲಿನ ಹಣವನ್ನು ಹಕ್ಕಿನಿಂದ ಕೇಳುವುದಕ್ಕೂ ವ್ಯತ್ಯಾಸವಿದೆ. ನಿನ್ನೆಯವರೆಗೆ ತಾನೇ ಝಕಾತ್ ಕೊಡುತ್ತಿದ್ದವನಿಗೆ ಈ ವ್ಯತ್ಯಾಸ ಬಹಳ ಚೆನ್ನಾಗಿ ಗೊತ್ತಾಗುತ್ತದೆ.

ವಿಮಾ ಕಂಪನಿಗಳ ಪರವಾಗಿ ಹೇಳಬೇಕಾದ ಒಂದು ಮಾತೂ ಇದೆ. ಎರಡು ಮೂರು ವರ್ಷಕ್ಕೊಮ್ಮೆ ಖಂಡಿತ ಮುಳುಗುವ ಮನೆಗೆ ಅಗ್ಗದ ವಿಮೆ ಕೊಡಿ ಎಂದರೆ ಅದು ವಿಮೆಯಾಗುವುದಿಲ್ಲ. ಬರಬಹುದಾದ ಕಷ್ಟಕ್ಕೆ ವಿಮೆ ಮಾಡಬಹುದು, ಬಂದೇ ಬರುವ ಕಷ್ಟಕ್ಕೆ ಯಾರು ಮಾಡುತ್ತಾರೆ? ಹೊಳೆಗೆ ತೀರಾ ಅಂಟಿಕೊಂಡಿರುವ ಸಾಲುಮನೆಗಳಿಗೆ ಬೇರೆ ಜಾಗ ಕೊಡುವುದೇ ಪರಿಹಾರ. ಆದರೆ ಸ್ಥಳಾಂತರದ ಮಾತು ಪ್ರತಿ ನೆರೆಗೂ ಎದ್ದು ಪ್ರತಿ ಬೇಸಿಗೆಗೂ ಒಣಗುತ್ತದೆ. ಅದಾಗುವವರೆಗೆ ಆ ಮನೆಗಳನ್ನು ಒಂಟಿಯಾಗಿ ವಿಮೆಯ ಬಾಗಿಲಿಗೆ ಕಳಿಸದೆ, ಮೂರೂ ತಾಲೂಕುಗಳ ಎತ್ತರದ ಊರುಗಳ ಜೊತೆಗೆ ಸೇರಿಸಬೇಕು. ಹುಕ್ಕೇರಿಯ ಗುಡ್ಡದ ಮಗ್ಗುಲಿನ ಮನೆಗೆ ಹೊಳೆಯ ಭಯವಿಲ್ಲದಿರಬಹುದು, ಶಾರ್ಟ್ ಸರ್ಕ್ಯೂಟಿನ, ಸಿಡಿಲಿನ ಭಯವಂತೂ ಇದೆ. ಎಲ್ಲರೂ ಕಟ್ಟಿದರೆ ಎಲ್ಲರಿಗೂ ಹಗುರ.

ಇದನ್ನು ನಡೆಸುವವರು ಯಾರು? ಉತ್ತರ ಇದೇ ನೆಲದಲ್ಲಿದೆ. ಇಡೀ ಕರ್ನಾಟಕದಲ್ಲಿ ಮನೆಮನೆಗೆ ವಿದ್ಯುತ್ ಹಂಚುವ ಸಹಕಾರಿ ಸಂಘವಿರುವುದು ಹುಕ್ಕೇರಿಯಲ್ಲಿ ಮಾತ್ರ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ಬಿಲ್ಲು ಕೊಡುತ್ತದೆ, ಹಣ ವಸೂಲು ಮಾಡುತ್ತದೆ. ಅದರ ಚುನಾವಣೆಗೆ ದೊಡ್ಡ ದೊಡ್ಡ ರಾಜಕಾರಣಿಗಳು ತೊಡೆ ತಟ್ಟುತ್ತಾರೆ. ಆ ಹುಮ್ಮಸ್ಸಿನಲ್ಲಿ ಒಂದಷ್ಟನ್ನು ಸದಸ್ಯರ ಮನೆಸಾಮಾನಿನ ವಿಮೆಗೆ ತೋರಿಸಬಾರದೇಕೆ? ಸಹಕಾರಿ ಸಂಘ ತಾನೇ ವಿಮಾ ಕಂಪನಿಯಾಗಬೇಕಿಲ್ಲ. ಸದಸ್ಯರೆಲ್ಲರ ಪರವಾಗಿ ಸರಕಾರಿ ವಿಮಾ ಕಂಪನಿಯಿಂದ ಒಂದು ಗುಂಪು ಪಾಲಿಸಿ ಕೊಂಡು, ಕರೆಂಟು ಬಿಲ್ಲಿನ ಜೊತೆ ಕಂತು ಎತ್ತಿದರೆ ಸಾಕು. ಗೋಕಾಕ, ಮೂಡಲಗಿಗಳಲ್ಲಿ ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ಹಾಲಿನ ಸಂಘಗಳಿಗೇನೂ ಬರವಿಲ್ಲ. ದಿನಕ್ಕೆ ಹತ್ತೋ ಇಪ್ಪತ್ತೋ ಎತ್ತಲು ಪಿಗ್ಮಿಯವನು ಹೇಗೂ ಬಾಗಿಲಿಗೆ ಬರುತ್ತಾನೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಂತೆ ಶುರುಮಾಡಿದ ಆ ಪದ್ಧತಿ ಈಗ ನಮ್ಮ ಪೇಟೆಗಳ ಉಸಿರಾಗಿದೆ.

ಸಹಕಾರಿ ಸಂಘದ ಮೂಲಕ ವಿಮೆಯಂಥ ವ್ಯವಸ್ಥೆ ಸಾಧ್ಯವೇ ಎಂದು ಸಂಶಯಪಡುವವರು ಯಶಸ್ವಿನಿಯನ್ನು ನೆನಪಿಸಿಕೊಳ್ಳಲಿ. 2003ರಲ್ಲಿ ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಿಸಿಕೊಂಡು ಸಹಕಾರಿ ಸಂಘಗಳ ರೈತಸದಸ್ಯರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ ರಾಜ್ಯ ಇದೇ. ನಡುವೆ ಅದನ್ನು ಬೇರೆ ಯೋಜನೆಯಲ್ಲಿ ವಿಲೀನ ಮಾಡಿದರು, 2022ರಲ್ಲಿ ಮತ್ತೆ ತಂದರು. ಹೃದಯಕ್ಕೆ, ಮೂತ್ರಪಿಂಡಕ್ಕೆ ಆದದ್ದು ಟ್ರಂಕಿಗೆ ಆಗದೇ?

ಕ್ಲೇಮಿನ ಕಿರಿಕಿರಿಯೇ ಜನರನ್ನು ವಿಮೆಯಿಂದ ದೂರ ಓಡಿಸುವುದು. ಸಾಮಾನಿಗೆ ಬಿಲ್ಲು ಎಲ್ಲಿದೆ ಎಂದು ಸರ್ವೇಯರು ಕೇಳುತ್ತಾನೆ. ಸಂತೆಯಲ್ಲಿ ಕೊಂಡ ಕೊಡಕ್ಕೆ, ಅವ್ವ ಹೊಲಿದ ಕೌದಿಗೆ ಬಿಲ್ಲು ಯಾರು ಕೊಟ್ಟಾರು? ಪಾಲಿಸಿಯ ಕಾಗದ ಇಂಗ್ಲಿಷಿನಲ್ಲಿ ಕೈಗೆ ಬರುತ್ತದೆ. ಗೋಕಾಕ ಎಂಬ ಹೆಸರಿನಲ್ಲಿ ನಾಡೇ ಕನ್ನಡಕ್ಕಾಗಿ ಬೀದಿಗಿಳಿದಿತ್ತು (ಅದು ವಿ.ಕೃ. ಗೋಕಾಕರ ವರದಿಯಿಂದ ಬಂದ ಹೆಸರು, ಊರಿನಿಂದಲ್ಲ, ಇರಲಿ), ಆದರೆ ಗೋಕಾಕಿನ ಹೆಣ್ಣುಮಗಳು ತನ್ನ ಮನೆಸಾಮಾನಿಗೆ ಏನು ರಕ್ಷಣೆಯಿದೆ ಎಂದು ಓದಿಕೊಳ್ಳಲು ಇಂಗ್ಲಿಷ್ ಬಲ್ಲ ಹುಡುಗನನ್ನು ಹುಡುಕಬೇಕು. ವಿಮಾ ಓಂಬುಡ್ಸ್‌ಮನ್ ಕಚೇರಿ ಇರುವುದು ಬೆಂಗಳೂರಿನಲ್ಲಿ. ಇದಕ್ಕೆಲ್ಲ ಒಂದು ಅಡ್ಡದಾರಿಯಿದೆ. ನಷ್ಟವನ್ನು ಒಂದೊಂದು ಪಾತ್ರೆಯಾಗಿ ಎಣಿಸುವ ಬದಲು ಹೊಳೆಯನ್ನೇ ಅಳೆಯುವುದು. ಮಳೆಯೋ ನೀರಿನ ಮಟ್ಟವೋ ಮೊದಲೇ ಒಪ್ಪಿಕೊಂಡ ಗೆರೆ ದಾಟಿದರೆ, ಸರ್ವೇಯರು ಬರುವ ಮೊದಲೇ ನಿಗದಿತ ಮೊತ್ತ ಖಾತೆಗೆ ಬೀಳುವ ವಿಮೆಗಳು ಜಗತ್ತಿನಲ್ಲಿವೆ. ನಾಗಾಲ್ಯಾಂಡ್ ಸರಕಾರ 2024ರಲ್ಲಿ ಅತಿವೃಷ್ಟಿಗೆ ಸಂಬಂಧಿಸಿ ಇಂಥದೇ ಪಾಲಿಸಿಯನ್ನು ಇಡೀ ರಾಜ್ಯಕ್ಕೆ ತೆಗೆದುಕೊಂಡಿತು. ಹಿಡಕಲ್ಲಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಲೋಳಸೂರಿನಲ್ಲಿ ನೀರು ಸೇತುವೆ ಹತ್ತಿತೇ ಇಲ್ಲವೇ ಎಂಬುದರಲ್ಲಿ ಯಾರಿಗೂ ಸುಳ್ಳು ಹೇಳಲಾಗದು. ಆ ಗೆರೆ ದಾಟಿದ ದಿನವೇ ಪಟ್ಟಿಯಲ್ಲಿರುವ ಪ್ರತಿ ಮನೆಯ ಹೆಂಗಸಿನ ಖಾತೆಗೆ, ಗಂಡನ ಖಾತೆಗಲ್ಲ, ಇಪ್ಪತ್ತೈದೋ ಐವತ್ತೋ ಸಾವಿರ ಬೀಳಲಿ. ಪ್ರೀಮಿಯಮಿನ ದೊಡ್ಡ ಪಾಲನ್ನು ಫಸಲ್ ಬಿಮಾದಂತೆ ಸರಕಾರ ಕೊಡಲಿ. ಹೊಳೆ ಏರಿದ ಮೇಲೆ ಹತ್ತು ಸಾವಿರ ಹಂಚಲು ಹೇಗೂ ಖಜಾನೆ ಬಿಚ್ಚಲೇಬೇಕಲ್ಲ.

ಸರಕಾರ ಕಣ್ಣು ಬಿಡುವವರೆಗೆ ಜಮಾಅತ್‌ಗಳು, ಸ್ತ್ರೀಶಕ್ತಿ ಸಂಘಗಳು ಮಾಡಬಹುದಾದದ್ದು ಇದೆ. ಮುಂಗಾರಿಗೆ ಮೊದಲು ಗಲ್ಲಿಯ ಒಬ್ಬ ಕಾಲೇಜು ಹುಡುಗಿ ಮನೆಮನೆಗೆ ಹೋಗಿ ಒಳಗಿನ ಸಾಮಾನಿನ ಫೋಟೋ ತೆಗೆದು, ಪಟ್ಟಿ ಬರೆದು, ಮೊಬೈಲಿನಲ್ಲಿ ಇಟ್ಟುಕೊಳ್ಳಲಿ. ಅದೊಂದಿದ್ದರೆ ಬಿಲ್ಲು ಕೇಳುವವರಿಗೆ ತೋರಿಸಲು ಏನಾದರೂ ಇರುತ್ತದೆ. ಬಾಡಿಗೆ ಮನೆಯವರು ಸಾಮಾನಿಗೆ ಮಾತ್ರ ಪಾಲಿಸಿ ಕೇಳಿದಾಗ ‘ಅಂಥದ್ದು ಇಲ್ಲ’ ಎಂದು ಕೌಂಟರಿನಲ್ಲಿ ಹೇಳಿದರೆ, ಅದನ್ನು ಬರಹದಲ್ಲಿ ಕೊಡಿ ಎಂದು ಕೇಳಲಿ. ಇದೆಲ್ಲ ಮೇ ತಿಂಗಳೊಳಗೆ ಆಗಬೇಕು. ಹಿಡಕಲ್ಲಿನ ಗೇಟು ತೆರೆದ ಸುದ್ದಿ ಬಂದ ಮೇಲೆ ವಿಮೆ ಮಾಡಿಸಲು ಹೋದವರಿಗೆ ಯಾವ ಕಂಪನಿಯೂ ಕುರ್ಚಿ ಹಾಕುವುದಿಲ್ಲ.